ಬಚ್ಚಲ ಜಾಳಿಯ ಸುತ್ತ ಆರದ ಪಸೆ

ನೀರು ತುಂಬುವ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಹುಮನಾಬಾದಿನಿಂದ ಬಸವಕಲ್ಯಾಣದ ಅಕ್ಕನ ಮನೆಗೆ ಹೋಗಿದ್ದೆ. ನಮ್ಮ ಕಡೆ ದೀಪಾವಳಿ ಶುರುವಾಗುವುದೇ ಬಚ್ಚಲಿನಿಂದ. ಹಂಡೆ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದ ಮೇಲೆಯೇ ಮರುದಿನದ ಎಣ್ಣೆ ಜಳಕ. ಅಕ್ಕನ ಹೊಸ ಮನೆಯಲ್ಲಿ ಹಂಡೆಯ ಜಾಗಕ್ಕೆ ಗೀಜರ್ ಬಂದಿದೆ. ಆದರೆ ಹಬ್ಬಕ್ಕೆ ಬಚ್ಚಲು ತಿಕ್ಕುವ ಪದ್ಧತಿಯನ್ನು ಆಕೆ ಬಿಟ್ಟಿಲ್ಲ. ಮಹಡಿ ಮೇಲಿನ ಬಚ್ಚಲ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

“ಎಷ್ಟ ಒರಸಿದರೂ ಒಣಗವಲ್ದು ನೋಡೋ ತಮ್ಮಾ. ನಿನ್ನೆ ಯಾರೂ ಜಳಕಾನೂ ಮಾಡಿಲ್ಲ.”

ಕೂತು ನೋಡಿದೆ. ಸಂಜೆ ನಾಲ್ಕರ ಹೊತ್ತು. ಕೆನೆ ಬಣ್ಣದ ಟೈಲ್ಸ್ ಎಲ್ಲಾ ಕಡೆ ಬೆಳ್ಳಗೆ ಒಣಗಿದ್ದವು. ನೀರು ಹೋಗುವ ಸ್ಟೀಲ್ ಜಾಳಿಯ ಸುತ್ತ ಮಾತ್ರ ಒಂದು ಗೇಣು ಅಗಲಕ್ಕೆ ಸಂದುಗಳು ಕಪ್ಪಾಗಿದ್ದವು. ಗೋಡೆಯ ಕಡೆಗೆ ಸಂದಿನ ಗುಂಟ ಉಪ್ಪು ಚೆಲ್ಲಿದಂತೆ ಬಿಳಿ ಪುಡಿ ಎದ್ದಿತ್ತು. ಬೆರಳಿಟ್ಟರೆ ತಣ್ಣಗೆ. ಮುಖ ಹತ್ತಿರ ಒಯ್ದರೆ ಮಳೆಗಾಲದ ಹಗೇವಿನಿಂದ ಬರುವಂಥ ವಾಸನೆ. ಜಾಳಿಯ ಅಂಚು ಟೈಲ್ಸಿಗಿಂತ ಒಂದು ನಾಣ್ಯದ ದಪ್ಪದಷ್ಟು ಎತ್ತರಕ್ಕಿತ್ತು.

ಇಬ್ಬರು ಗೌಂಡಿಗಳು ಆಗಲೇ ಬಂದು ಹೋಗಿದ್ದರಂತೆ. ಒಬ್ಬರು ಜಾಳಿಯ ಸುತ್ತ ವೈಟ್ ಸಿಮೆಂಟ್ ತುಂಬಿ ಹೋದರು, ಆರು ತಿಂಗಳಿಗೆ ಅದು ಉಗುರಿಗೆ ಕಿತ್ತು ಬಂತು. ಇನ್ನೊಬ್ಬರು “ಪೂರಾ ಒಡೀಬೇಕಾಗ್ತದ ಅಕ್ಕೋರೆ” ಎಂದು ಲೆಕ್ಕ ಹೇಳಿ ಹೋದರು. ಬಳಿಯುವುದು, ಇಲ್ಲವೇ ಒಡೆಯುವುದು: ನಮ್ಮೂರುಗಳಲ್ಲಿ ಬಚ್ಚಲಿನ ಪಸೆಗೆ ಸಿಗುವ ಉತ್ತರ ಇವೆರಡೇ. ನೀರು ಎಲ್ಲಿ ಹೊಕ್ಕಿತು ಎಂದು ಯಾರೂ ಕೇಳಿರಲಿಲ್ಲ. ಸಿವಿಲ್ ಓದಿ ಕಟ್ಟಡದ ಕೆಲಸದಲ್ಲೇ ವರ್ಷ ಕಳೆದ ನನಗೆ ಇದು ಮನಸ್ಸಿಗೆ ಹತ್ತಿದ ಸಂಗತಿ. ಪಸೆ ಕಾಣುವ ಜಾಗ ಬೇರೆ, ನೀರು ಹೊಕ್ಕ ಜಾಗ ಬೇರೆ ಇರಬಹುದು. ಅದನ್ನು ಗೊತ್ತು ಮಾಡಿಕೊಳ್ಳದೆ ಸುತ್ತಿಗೆ ಎತ್ತಬಾರದು, ಸಿಮೆಂಟನ್ನೂ ಕಲಸಬಾರದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಟೈಲ್ಸ್ ಹಾಕಿದರೆ ನೆಲಕ್ಕೆ ನೀರು ಇಳಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ ಎಂಬುದು ನಿಜ. ಗೋಡೆಗೆ ಹಚ್ಚುವ ಸಾದಾ ಟೈಲ್ಸ್ ಶೇ 10ಕ್ಕೂ ಹೆಚ್ಚು ಹೀರುತ್ತದೆ, ಆದರೆ ಅದರ ಮೇಲಿನ ಹೊಳಪಿನ ಪದರ ನೀರು ತಡೆಯುತ್ತದೆ. ಸೋರುವುದು ಟೈಲ್ಸ್ ಅಲ್ಲ, ನಡುವಿನ ಸಂದು. ಅಲ್ಲಿ ತುಂಬಿರುವುದು ಸಿಮೆಂಟು. ಗಟ್ಟಿಯಾದ ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಅವು ನೀರನ್ನು ಎಳೆದುಕೊಳ್ಳುತ್ತವೆ. ದಿನಕ್ಕೆ ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೆರಡು ಬಕೆಟ್ ನೀರು. ಅದರಲ್ಲಿ ಒಂದು ಲೋಟದಷ್ಟೇ ಸಂದಿಗೆ ಇಳಿದರೂ ವರ್ಷಕ್ಕೆ ಎಷ್ಟಾಯಿತು ಲೆಕ್ಕ ಹಾಕಿ.

ಹಾಗೆ ಇಳಿದ ನೀರು ಟೈಲ್ಸಿನ ಅಡಿಯ ಗಾರೆಗೆ ಬರುತ್ತದೆ. ಗಾರೆಯ ಕೆಳಗೆ ವಾಟರ್‌ಪ್ರೂಫಿಂಗ್ ಪದರವಿದ್ದರೆ ಅಲ್ಲಿ ನಿಲ್ಲುತ್ತದೆ. ಕೆಳಗೆ ಹೋಗಲಾರದು, ಮೇಲೆ ಟೈಲ್ಸ್ ಇರುವುದರಿಂದ ಬೇಗ ಆರಲಾರದು. ಪದರದ ಇಳಿಜಾರು ಎತ್ತ ಇದೆಯೋ ಅತ್ತ ಮೆಲ್ಲಗೆ ಸರಿಯುತ್ತದೆ. ತಗ್ಗು ಇರುವುದು ಜಾಳಿಯ ಕಡೆಗೆ. ಅಲ್ಲಿಗೆ ಬಂದು, ಕೊಳವೆಯೊಳಗೆ ಹೋಗಲು ದಾರಿ ಸಿಗದೆ, ಸುತ್ತಲಿನ ಸಂದುಗಳ ಮೂಲಕ ಮತ್ತೆ ಮೇಲಕ್ಕೆ ಏರುತ್ತದೆ. ದಾರಿಯಲ್ಲಿ ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ನೀರು ಆರಿದ ಮೇಲೆ ಆ ಸುಣ್ಣ ಬಿಳಿ ಪುಡಿಯಾಗಿ ಉಳಿಯುತ್ತದೆ. ಅಕ್ಕ ಅದನ್ನು “ಸವಳು ಎದ್ದದ” ಎಂದಳು.

ನೀರಿನ ಈ ನಡೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಬೀದರ್–ಹುಮನಾಬಾದ್ ಪ್ರಸ್ಥಭೂಮಿಯ ಮೇಲ್ಪದರ ಕೆಂಪು ಜಂಬಿಟ್ಟಿಗೆ, ಮೈತುಂಬ ತೂತಿರುವ ಕಲ್ಲು. ಅದರ ಅಡಿಗೆ ಜೇಡಿಮಣ್ಣು, ಅದರ ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ನಿನ ಕರಿಕಲ್ಲು. ಮಳೆಯ ನೀರನ್ನು ಕೆಂಪು ಕಲ್ಲು ಕುಡಿದು ಕೆಳಗೆ ಬಿಡುತ್ತದೆ. ಜೇಡಿಗೆ ಬಂದ ನೀರು ಮುಂದೆ ಇಳಿಯಲಾರದೆ ಅಡ್ಡ ಹರಿದು, ಗುಡ್ಡದ ಬದಿ ಸಿಕ್ಕಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಗುರುನಾನಕ್ ಝಿರಾದಲ್ಲಿ ಭಕ್ತರು ಬೊಗಸೆಯೊಡ್ಡುವುದು ಕೆಂಪು ಕಲ್ಲಿನ ಅಡಿಯಿಂದ ಹೊರಬರುವ ಅಂಥ ನೀರಿಗೆ. 15ನೇ ಶತಮಾನದ ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ಈ ಒಳನೀರಿನ ಗುಣ ಬಲ್ಲವರು. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ಬಿಟ್ಟು, ನೀರಿಗೆ ತಾವೇ ದಾರಿ ಮಾಡಿಕೊಟ್ಟರು. ಝರಿ ಕಂಡ ಜಾಗದಲ್ಲೇ ಮಳೆ ಬಿದ್ದಿರುವುದಿಲ್ಲ. ಅಕ್ಕನ ಜಾಳಿಯ ಸುತ್ತಲಿನ ಪಸೆಯೂ ಒಂದು ಝರಿಯೇ ಇರಬಹುದು ಎಂಬ ಅನುಮಾನ ನನಗೆ ಬಂದದ್ದು ಇದರಿಂದಲೇ.

ಹಳೆಯ ಮನೆಗಳಲ್ಲಿ ಈ ತೊಂದರೆ ಇರಲಿಲ್ಲವೇ ಎಂದು ಅಕ್ಕ ಕೇಳಿದಳು. ಅಷ್ಟಾಗಿ ಇರಲಿಲ್ಲ. ನಮ್ಮ ಅಜ್ಜಿಯ ಮನೆಯ ಬಚ್ಚಲಿಗೆ ಶಹಾಬಾದ್ ಫರಸಿ ಹಾಸಿತ್ತು. ದೊಡ್ಡ ದೊಡ್ಡ ಕಲ್ಲು, ಆದ್ದರಿಂದ ಸಂದು ಕಡಿಮೆ. ಬಚ್ಚಲು ಮನೆಯ ಹಿಂದಿನ ತುದಿಗೆ, ಮೇಲೊಂದು ಬೆಳಕಿಂಡಿ, ಗೋಡೆಯ ಬುಡದ ಮೋರಿಯಿಂದ ನೀರು ನೇರ ಹಿತ್ತಲ ಬಾಳೆಯ ಬುಡಕ್ಕೆ. ಒಂದಿಷ್ಟು ನೀರು ನೆಲಕ್ಕೆ ಇಳಿದರೂ ಕೆಳಗಿರುವುದು ಮಣ್ಣು, ಮಧ್ಯಾಹ್ನಕ್ಕೆಲ್ಲ ಗಾಳಿಗೆ ಆರುತ್ತಿತ್ತು. ಈಗ ಬಚ್ಚಲು ಮನೆಯ ಹೊಟ್ಟೆಯೊಳಕ್ಕೆ, ಮಲಗುವ ಕೋಣೆಗೆ ಅಂಟಿಕೊಂಡು, ಮಹಡಿಯ ಮೇಲೆ ಬಂದಿದೆ. ಕಿಟಕಿ ಒಂದು ಮೊಳ. ಅದನ್ನೂ ಮುಚ್ಚಿಯೇ ಇಡುತ್ತೇವೆ.

ಜಳಕದ ಸುಖವೂ, ನೀರನ್ನು ಹೊರಹಾಕುವ ಜ್ಞಾನವೂ ಈ ನೆಲಕ್ಕೆ ಹಳೆಯವು. ಇದೇ ಕಲ್ಯಾಣದಿಂದ 12ನೇ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನದ ಸುಖಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಬೀದರ್ ಕೋಟೆಯ ವಸ್ತುಸಂಗ್ರಹಾಲಯ ಇರುವುದೇ ಹಳೆಯ ಶಾಹಿ ಹಮಾಮಿನಲ್ಲಿ. ಇನ್ನೂ ಹತ್ತಿರದ ಪಾಠ ಬೇಕಾದರೆ ಯಾವುದಾದರೂ ಹಳೆಯ ಶಿವಾಲಯಕ್ಕೆ ಹೋಗಿ ನೋಡಿ. ಲಿಂಗದ ಮೇಲೆ ಬಿದ್ದ ಅಭಿಷೇಕದ ನೀರು ಪಾಣಿಪೀಠದ ಗೀರಿನಲ್ಲಿ ಒಂದೇ ಕಡೆಗೆ ಹರಿದು, ಗೋಡೆ ದಾಟಿ, ಪ್ರಣಾಲದ ಮೂಲಕ ಗೋಡೆಗೆ ತಾಗದಷ್ಟು ದೂರ ಬೀಳುತ್ತದೆ. ವಾಟವೂ ಇದೆ, ಹೊರದಾರಿಯೂ ಇದೆ. ನಮ್ಮ ಬಚ್ಚಲುಗಳಲ್ಲಿ ವಾಟ ಇರುತ್ತದೆ, ಅದೂ ಟೈಲ್ಸಿನ ಮೇಲಷ್ಟೇ. ಅಡಿಯ ನೀರಿಗೆ ಹೊರದಾರಿ ಇರುವುದಿಲ್ಲ.

ಅಕ್ಕನ ಮನೆಯಲ್ಲಿ ಐದು ದಿನ ಪರೀಕ್ಷೆ ಮಾಡಿದೆವು. ಇದಕ್ಕೆ ಯಂತ್ರ ಬೇಡ, ಒಂದು ಸೀಮೆಸುಣ್ಣ, ಒಂದು ಬಕೆಟ್, ಒಂದು ಮೊಳ ಪೈಪು ಮತ್ತು ತಾಳ್ಮೆ ಸಾಕು. ಮೊದಲ ಮೂರು ದಿನ ಮನೆಯವರೆಲ್ಲ ಕೆಳಗಿನ ಬಚ್ಚಲಲ್ಲಿ ಜಳಕ ಮಾಡಿದರು. ಮೇಲಿನ ಬಚ್ಚಲ ವಾಲ್ ಬಂದ್. ದಿನಾ ಬೆಳಿಗ್ಗೆ ಪಸೆಯ ಅಂಚಿಗೆ ಸೀಮೆಸುಣ್ಣದ ಗೆರೆ. ಗೇಣಗಲದ ಪಸೆ ಮೂರನೆಯ ದಿನಕ್ಕೆ ನಾಲ್ಕು ಬೆರಳಿಗೆ ಇಳಿಯಿತು. ಆಮೇಲೆ ಒಂದು ರಾತ್ರಿ ವಾಲ್ ತೆಗೆದು, ನಳ ಮುಟ್ಟದೆ ಬಿಟ್ಟು ನೋಡಿದೆವು. ಗೆರೆ ಮುಂದೆ ಬರಲಿಲ್ಲ. ಗೋಡೆಯೊಳಗಿನ ನಳದ ಪೈಪು ಒಡೆದಿದ್ದರೆ ಹಾಗಾಗುತ್ತಿರಲಿಲ್ಲ. ಒತ್ತಡದ ಪೈಪು ಹಗಲು ರಾತ್ರಿ ಒಸರುತ್ತಲೇ ಇರುತ್ತದೆ, ಜಳಕ ಮಾಡಲಿ ಬಿಡಲಿ ಪಸೆ ಬೆಳೆಯುತ್ತದೆ.

ನಾಲ್ಕನೆಯ ದಿನ ಜಾಳಿ ತೆಗೆದು, ಪೈಪನ್ನು ನೇರ ಅದರ ಕೆಳಗಿನ, ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪಿನೊಳಗೆ ಇಳಿಸಿ, ನೆಲಕ್ಕೆ ಒಂದು ಹನಿ ತಾಗದಂತೆ ಎರಡು ಬಕೆಟ್ ನೀರು ಹೊಯ್ದೆವು. ಸಂಜೆಯವರೆಗೂ ಪಸೆ ಇದ್ದಲ್ಲೇ ಇತ್ತು. ಅಂದರೆ ಟ್ರ್ಯಾಪು, ಅದರ ಕೆಳಗಿನ ಜಾಯಿಂಟು ಗಟ್ಟಿಯಾಗಿವೆ. ನೀರು ಸರಾಗವಾಗಿ ಇಳಿದದ್ದರಿಂದ ಕೂದಲು, ಸಾಬೂನಿನ ಜಿಡ್ಡು ಕಟ್ಟಿಲ್ಲ ಎಂಬುದೂ ಗೊತ್ತಾಯಿತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವುದಕ್ಕಿಂತ ಗಸಿಯಾಗುವುದೇ ಹೆಚ್ಚು. ಆ ಗಸಿಗೆ ಎಣ್ಣೆ ಜಳಕದ ಜಿಡ್ಡು ಸೇರಿ ಟ್ರ್ಯಾಪು ಕಟ್ಟಿಕೊಳ್ಳುತ್ತದೆ, ನೀರು ಜಾಳಿಯ ಸುತ್ತ ಹೊತ್ತುಗಟ್ಟಲೆ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಪಸೆಯ ಕಾರಣ ಇಷ್ಟೇ ಇರುತ್ತದೆ, ಟ್ರ್ಯಾಪು ಬಿಚ್ಚಿ ತೊಳೆದರೆ ಮುಗಿಯಿತು.

ಐದನೆಯ ದಿನದ ಪರೀಕ್ಷೆಯಲ್ಲಿ ಗುಟ್ಟು ಹೊರಬಿತ್ತು. ಜಾಳಿಯಿಂದ ಐದಾರು ಅಡಿ ದೂರ, ಶವರಿನ ಕೆಳಗಿನ ಮೂಲೆಯಲ್ಲಿ ಒದ್ದೆ ಬಟ್ಟೆಯ ಒಡ್ಡು ಕಟ್ಟಿ, ಅಲ್ಲಿ ಮಾತ್ರ ನೀರು ನಿಲ್ಲಿಸಿದೆವು. ಜಾಳಿಯ ಕಡೆಗೆ ಒಂದು ಹನಿಯೂ ಹರಿಯದಂತೆ ಅಕ್ಕ ಕಾದು ಕೂತಳು. ನಾಲ್ಕು ತಾಸಿನ ಮೇಲೆ ನೀರು ತೆಗೆದು ಒರೆಸಿದೆವು. ಮರುದಿನ ಬೆಳಿಗ್ಗೆ ಜಾಳಿಯ ಸುತ್ತಲಿನ ಪಸೆ ಸೀಮೆಸುಣ್ಣದ ಗೆರೆ ದಾಟಿ ಎರಡು ಬೆರಳು ಮುಂದೆ ಬಂದಿತ್ತು. ನಡುವಿನ ಟೈಲ್ಸೆಲ್ಲ ಒಣಗಿದ್ದವು. ನೀರು ಮೂಲೆಯಲ್ಲಿ ಹೊಕ್ಕು, ಟೈಲ್ಸಿನ ಅಡಿಯಲ್ಲೇ ನಡೆದು ಬಂದು, ಜಾಳಿಯ ಹತ್ತಿರ ಮೇಲೆದ್ದಿತ್ತು. ಗೌಂಡಿ ಜಾಳಿಯ ಸುತ್ತ ಎಷ್ಟು ಬಿಗಿಯಾಗಿ ಸಿಮೆಂಟ್ ತುಂಬಿದ್ದರೂ ಪ್ರಯೋಜನವಿರಲಿಲ್ಲ. ಅವರು ಮುಚ್ಚಿದ್ದು ನೀರು ಹೊರಬರುವ ಬಾಯಿಯನ್ನು.

ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆಂದಲ್ಲ. ಚಳಿಗಾಲದಲ್ಲಿ ಬಿಸಿನೀರಿನ ಹಬೆ ತಣ್ಣನೆಯ ಟೈಲ್ಸಿಗೆ ತಾಗಿ ನೀರಾಗುವುದೂ ಉಂಟು. ಅದನ್ನು ಗುರುತಿಸಲು ನೆಲವನ್ನು ಒರೆಸಿ, ಒಂದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಹಾಳೆಯ ಮೇಲೆ ಹನಿ ಕಂಡರೆ ಗಾಳಿಯ ಪಸೆ, ಅಡಿಯಲ್ಲಿ ಕಂಡರೆ ನೆಲದ್ದು. ಗಾಳಿಯದಾದರೆ ಎಕ್ಸಾಸ್ಟ್ ಫ್ಯಾನು, ತೆರೆದ ಕಿಟಕಿ ಸಾಕು.

ಕೆಳಗಿನ ಕೋಣೆಯ ಛತ್ತಿನಲ್ಲಿ ಕಲೆ ಎದ್ದಿದ್ದರೆ ಮಾತ್ರ ವಿಷಯ ದೊಡ್ಡದು, ವಾಟರ್‌ಪ್ರೂಫಿಂಗ್ ಪದರವೇ ಹೋಗಿದೆ ಎಂದರ್ಥ. ಖಚಿತ ಮಾಡಿಕೊಳ್ಳಲು ಜಾಳಿಯ ಬಾಯಿ ಬಿಗಿಯಾಗಿ ಕಟ್ಟಿ, ಬಚ್ಚಲಲ್ಲಿ ಒಂದು ಇಂಚು ನೀರು ನಿಲ್ಲಿಸಿ. ಮೊದಲ ದಿನ ಗಾರೆಯೇ ನೀರು ಕುಡಿಯುತ್ತದೆ, ಆದ್ದರಿಂದ ಮರುದಿನ ಮತ್ತೆ ಅಷ್ಟಕ್ಕೆ ತುಂಬಿ ಗೋಡೆಗೆ ಗುರುತು ಹಾಕಿ. ಪಕ್ಕದಲ್ಲೊಂದು ಅಗಲ ಬುಟ್ಟಿಯಲ್ಲಿಯೂ ನೀರಿಟ್ಟು ಗುರುತು ಮಾಡಿ. ಬುಟ್ಟಿಯ ನೀರು ಇಳಿಯುವುದು ಆವಿಯಿಂದ ಮಾತ್ರ. ನೆಲದ ನೀರು ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋರುವ ನೀರು ಸ್ಲ್ಯಾಬಿನ ಕಬ್ಬಿಣ ಮುಟ್ಟಿದರೆ ತುಕ್ಕು ಹಿಡಿದು ಸರಳು ಉಬ್ಬುತ್ತದೆ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಂಥ ಮನೆಯಲ್ಲಿ ಒಡೆಯುವುದೇ ಸರಿ, ತಡ ಮಾಡಬಾರದು.

ಅಕ್ಕನ ಅಡುಗೆಮನೆ ಆ ಬಚ್ಚಲಿನ ಕೆಳಗೇ ಇದೆ. ಛತ್ತಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಪದರ ಗಟ್ಟಿಯಾಗಿತ್ತು, ನೀರು ಮಾತ್ರ ಸಿಕ್ಕಿಕೊಂಡಿತ್ತು.

ಇನ್ನೊಂದು ಮಾತು ಅಲ್ಲೇ ಕೇಳಬೇಕಾಯಿತು: “ಮೂಲೆಯ ಸಂದು ಇಷ್ಟು ಸವೆದದ್ದು ಹ್ಯಾಂಗ?” ಅಕ್ಕ ಬಾಗಿಲ ಹಿಂದಿನ ಬಾಟ್ಲಿ ತೋರಿಸಿದಳು. ಆಸಿಡ್. ವಾರಕ್ಕೊಮ್ಮೆ ಹಾಕಿ ತಿಕ್ಕುತ್ತಿದ್ದಳಂತೆ, ಬೆಳ್ಳಗಾಗುತ್ತದೆಂದು. ನಮ್ಮ ಊರುಗಳ ಬಚ್ಚಲುಗಳಿಗೆ ಇದರಷ್ಟು ಕೇಡು ಮಾಡುವ ವಸ್ತು ಇನ್ನೊಂದಿಲ್ಲ ಎಂದೇ ನಾನು ಹೇಳುತ್ತೇನೆ. ಆಸಿಡ್ ಕೊಳೆಯ ಜೊತೆಗೆ ಸಿಮೆಂಟಿನ ಸುಣ್ಣವನ್ನೂ ತಿನ್ನುತ್ತದೆ. ಹಾಕಿದಾಗ ಬುರುಬುರು ನೊರೆ ಏಳುತ್ತದಲ್ಲ, ಅದು ಕೊಳೆ ಬಿಡುವ ಲಕ್ಷಣವಲ್ಲ, ಸಂದು ಕರಗುವ ಲಕ್ಷಣ. ಶಹಾಬಾದ್ ಫರಸಿ ಸುಣ್ಣದ ಕಲ್ಲಾದ್ದರಿಂದ ಅದನ್ನೂ ತಿನ್ನುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಸಾಬೂನಿನ ನೀರು, ಅಡುಗೆ ಸೋಡಾ, ಗಟ್ಟಿ ಬ್ರಷ್ಷು ಇಷ್ಟರಲ್ಲೇ ಬಚ್ಚಲು ಸ್ವಚ್ಛವಾಗುತ್ತದೆ.

ಹಬ್ಬ ಮುಗಿದ ಮೇಲೆ ಕೆಲಸ ಹಿಡಿದೆವು. ಬಂದ ಗೌಂಡಿ ವಯಸ್ಸಾದವರು, ಕೈ ನಿಧಾನ, ಕಣ್ಣು ಚುರುಕು. ಜಾಳಿಯ ಸುತ್ತಲಿನ ನಾಲ್ಕು ಟೈಲ್ಸ್ ಮಾತ್ರ ತೆಗೆಸಿದೆ. ಕೆಳಗಿನ ಗಾರೆ ಕಪ್ಪಗೆ, ಹಿಂಡಿದರೆ ನೀರು ಬರುವಂತಿತ್ತು. ಅದನ್ನು ಕೆದರಿದಾಗ ಟ್ರ್ಯಾಪಿನ ಪ್ಲಾಸ್ಟಿಕ್ ಕೊರಳು ಕಾಣಿಸಿತು. ಸುತ್ತ ಸಿಮೆಂಟು ಬಿಗಿದಿದ್ದರೂ ಪ್ಲಾಸ್ಟಿಕ್ಕಿಗೂ ಅದಕ್ಕೂ ನಡುವೆ ಕೂದಲೆಳೆಯ ಸೀಳು. ಬಿಸಿನೀರು ಬಿದ್ದಾಗ ಪಿವಿಸಿ ಸಿಮೆಂಟಿಗಿಂತ ಸುಮಾರು 5 ಪಟ್ಟು ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ಅವೆರಡನ್ನೂ ವೈಟ್ ಸಿಮೆಂಟು ಹಿಡಿದಿಡಲಾರದು.

ವಾಟರ್‌ಪ್ರೂಫಿಂಗ್ ಪದರ ಕೊರಳಿಗೆ ಅಂಟಿದ ಜಾಗದ ಕೂದಲೆಳೆ ಮೇಲೆ, ಕೊರಳಿಗೆ ನಾಲ್ಕೂ ದಿಕ್ಕಿಗೆ 6 ಮಿ.ಮೀ. ತೂತು ಕೊರೆಸಿದೆ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಮಟ್ಟ ಅದಕ್ಕಿಂತ ಬಹಳ ಕೆಳಗೆ ಇರುವುದರಿಂದ ವಾಸನೆ ತಡೆಯುವ ಕೆಲಸಕ್ಕೆ ಅಡ್ಡಿಯಿಲ್ಲ. ನಿಯಮದ ಪ್ರಕಾರ ಅಲ್ಲಿ ಕನಿಷ್ಠ 50 ಮಿ.ಮೀ. ನೀರು ನಿಂತಿರಬೇಕು. ತೂತುಗಳ ಮುಂದೆ ಸಣ್ಣ ಖಡಿ ಒಟ್ಟಿದರು, ಗಾರೆ ಬಂದು ಮುಚ್ಚದಿರಲೆಂದು. ಕೊರೆಯುವಾಗ ಮೊದಲ ತೂತಿನಿಂದಲೇ ಕಪ್ಪು ನೀರು ಹನಿಹನಿಯಾಗಿ ಟ್ರ್ಯಾಪಿಗೆ ಬಿತ್ತು. ಗೌಂಡಿ ಕೈ ತಡೆದು ನೋಡುತ್ತ ಕೂತರು. “ಇಷ್ಟ ದಿನ ಹಾದಿ ಹುಡುಕಲಿಕ್ಕತ್ತಿತ್ತು ನೋಡ್ರಿ ಇದು” ಎಂದರು. ಸಂಜೆಯವರೆಗೂ ಹನಿ ನಿಲ್ಲಲಿಲ್ಲ.

ಆಮೇಲೆ ಆತುರ ಮಾಡಲಿಲ್ಲ. ಹನ್ನೆರಡು ದಿನ ಹಾಗೇ ತೆರೆದಿಟ್ಟು, ಫ್ಯಾನು ಹಚ್ಚಿ ಒಣಗಿಸಿದೆವು. ಪಸೆ ಇರುವಾಗಲೇ ಸಂದು ಮುಚ್ಚಿದರೆ ರೋಗವನ್ನು ಒಳಗೇ ಇಟ್ಟು ಹೊಲಿದಂತೆ. ಬಚ್ಚಲಿನ ಎಲ್ಲಾ ಸಂದುಗಳ ಹಳೆಯ ಸಿಮೆಂಟನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸಿದೆ. ಅದು ಸಿಮೆಂಟಿಗಿಂತ ತುಟ್ಟಿ, ಆದರೆ ನೀರು ಹೀರುವುದು ನಗಣ್ಯ. ಗೋಡೆ ನೆಲ ಕೂಡುವ ಮೂಲೆಗೆ ಮತ್ತು ಜಾಳಿಯ ಸುತ್ತ ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್. ಜಾಳಿಯನ್ನು ಟೈಲ್ಸಿಗಿಂತ 2 ಮಿ.ಮೀ. ತಗ್ಗಿಸಿ ಕೂಡಿಸಿದರು. ವಾಟ ಒಂದು ಮೀಟರಿಗೆ 15ರಿಂದ 20 ಮಿ.ಮೀ. ಇದ್ದರೆ ಸಾಕು. ಅಕ್ಕನಲ್ಲಿ ಅಷ್ಟಿತ್ತು.

ಕೆಲಸ ಮುಗಿಸಿ ಕೈ ತೊಳೆಯುವಾಗ ಗೌಂಡಿ ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ. “ಮಾಲಕರು ಟೈಲ್ಸಿನ ಬಣ್ಣ ಆರಿಸಲಿಕ್ಕ ಹೈದರಾಬಾದ್ ತನ ಹೋಗಿ ಬರ್ತಾರ್ರಿ. ಅಡಿಗೆ ಏನ ಹಾಕಿದಿ ಅಂತ ಇಲ್ಲೇ ನಿಂತು ಒಬ್ಬರೂ ಕೇಳಂಗಿಲ್ಲ.” ತಪ್ಪು ಗೌಂಡಿಯದೊಂದೇ ಅಲ್ಲ. ಟೈಲ್ಸ್ ಮುಚ್ಚಿದ ಮೇಲೆ ಕಾಣದ ಕೆಲಸಕ್ಕೆ ನಾವು ಕೂಲಿ ಕೊಡಲು ಹಿಂಜರಿಯುತ್ತೇವೆ. ಎರಡು ದಿನ ಹೆಚ್ಚು ಬೇಕೆಂದರೆ ಗೃಹಪ್ರವೇಶದ ಮುಹೂರ್ತ ತೋರಿಸುತ್ತೇವೆ.

ಎಳ್ಳಮಾವಾಸ್ಯೆಗೆ ಭಜ್ಜಿ ರೊಟ್ಟಿ ಉಣ್ಣಲು ಅಕ್ಕನ ಹೊಲಕ್ಕೆ ಹೋದವನು, ಬರುವಾಗ ಮನೆಗೆ ಹೋಗಿ ಬಚ್ಚಲು ನೋಡಿದೆ. ಬೆಳಿಗ್ಗೆ ಐದು ಜನ ಜಳಕ ಮಾಡಿದ್ದರು. ಜಾಳಿಯ ಸುತ್ತಲಿನ ಸಂದುಗಳು ಉಳಿದ ಸಂದುಗಳ ಬಣ್ಣಕ್ಕೇ ಬಂದಿದ್ದವು, ಕೈಗೆ ತಂಪೂ ಹತ್ತಲಿಲ್ಲ.

ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಈ ವರ್ಷ ಮನೆ ಕಟ್ಟುತ್ತಿರುವವರಿಗೆ ನನ್ನದೊಂದು ಕೋರಿಕೆ. ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ, ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಛತ್ತು ನೋಡಿ. ಟ್ರ್ಯಾಪಿನ ಕೊರಳಿಗೆ ನಾಲ್ಕು ತೂತು ಕೊರೆಸಿ, ಖಡಿ ಒಟ್ಟಿಸಿ. ಆ ಎರಡು ದಿನ ನೀವೇ ಎದುರು ನಿಂತಿರಿ.